ನಮ್ಮ ನೀರಿನ ಅಂಕಿಅಂಶ ಯಾರಪ್ಪನ ಸ್ವತ್ತು?

ಅಂತರ್ಜಲ ದತ್ತಾಂಶ ಕೋಶದ ಮಾನ್ಯ ಮುಖ್ಯಸ್ಥರೇ,

ಹತ್ತೊಂಬತ್ತು ವರ್ಷ ನಿಮ್ಮ ಪ್ರಯೋಗಾಲಯದಲ್ಲಿ ಕೂತು ಯಲಹಂಕ, ಅಲ್ಲಾಳಸಂದ್ರ, ಸಿಂಗಾಪುರದ ಬೋರ್‌ವೆಲ್‌ಗಳ ನೀರು ಪರೀಕ್ಷಿಸಿ ಅಂಕಿ ಬರೆದವಳು ನಾನು. ಈಗ ನಿವೃತ್ತಳು. ನಾನೇ ಬರೆದ ಅಂಕಿಗಳನ್ನು ನೋಡಲು ನಿಮ್ಮ ಅನುಮತಿ ಬೇಕಂತೆ. ಅದನ್ನು ನೀವು ಮೂರು ಬಾರಿ ನಿರಾಕರಿಸಿದ್ದೀರಿ. ನಿಮ್ಮ ಜಾಗರೂಕತೆಗೆ ಶಭಾಷ್ ಎನ್ನಬೇಕು.

ನಿಮ್ಮ ಜಾಲತಾಣದ ನೆತ್ತಿಯ ಮೇಲೆ ‘ಮುಕ್ತ ದತ್ತಾಂಶ, ಸರ್ವರ ಹಕ್ಕು’ ಎಂದಿದೆ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ, ನಕಲು ಮಾಡಲು, ಬಳಸಲು, ಇನ್ನೊಬ್ಬರಿಗೆ ತೋರಿಸಲು ಲಿಖಿತ ಅನುಮತಿ ಬೇಕು ಎಂದಿದೆ. ಇದು ಯಾವ ಸೀಮೆಯ ಮುಕ್ತ ದತ್ತಾಂಶ ಸ್ವಾಮಿ? ಹೋಗಲಿ, ನೋಡೋಣ ಎಂದು ತೆರೆದರೆ, ಕಂಪ್ಯೂಟರಿನಲ್ಲಿ ನೆಟ್ಟಗಿದ್ದ ಪಟ್ಟಿಯನ್ನು ಕಾಗದಕ್ಕೆ ಮುದ್ರಿಸಿ, ಪುಟಪುಟಕ್ಕೂ ಮೊಹರು ಒತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿ ಹಾಕಿದ್ದೀರಿ. ಮೊಹರು ಬಿದ್ದಿರುವುದು ಸರಿಯಾಗಿ ನೈಟ್ರೇಟ್ ಅಂಕಿಗಳ ಮೇಲೆ. ಒಂದೂ ಓದಲು ಬರುವುದಿಲ್ಲ. ಅದಕ್ಕೇ ನಾನು ಮೂಲ ಪಟ್ಟಿ ಕೇಳಿದ್ದು.

ಸಿಂಗಾಪುರದಲ್ಲಿ ರತ್ನಕ್ಕ ಎಂಬವರು ಅಂಗನವಾಡಿ ನಡೆಸುತ್ತಾರೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲೇ ಮಕ್ಕಳಿಗೆ ಹಾಲಿನ ಪುಡಿ ಕಲಸುತ್ತಾರೆ. ಪಕ್ಕದ ಬಾಣಂತಿಯರೂ ಅಲ್ಲೇ ಕೊಡ ತುಂಬಿಕೊಳ್ಳುತ್ತಾರೆ. ಬೇಸಿಗೆ ಬಂತೆಂದರೆ ಅದರಲ್ಲಿ ನೈಟ್ರೇಟ್ ಮಿತಿ ಮೀರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹೆಚ್ಚಾದರೆ ಹಸುಗೂಸುಗಳ ಮೈ ನೀಲಿಗಟ್ಟುತ್ತದೆ. ಈಗ ಮಳೆಗಾಲ, ಪರೀಕ್ಷಿಸಿದರೆ ಎಲ್ಲ ಸರಿಯೆಂದೇ ಬರುತ್ತದೆ. ಬೇರೆ ನೀರು ಕೊಡಿಸಿ ಎಂದು ವಾರ್ಡಿನ ಎಂಜಿನಿಯರ್ ಬಳಿ ಹೋದರೆ, “ನೆನಪೆಲ್ಲಾ ಆಗಲ್ಲ ಮೇಡಂ, ರೆಕಾರ್ಡ್ ತನ್ನಿ” ಎಂದರು. ರೆಕಾರ್ಡಿಗೆ ನಿಮ್ಮಲ್ಲಿಗೆ ಬಂದರೆ ಕೌಂಟರಿನವರು, “ಡೇಟಾ ಓಪನ್ನೇ ಇದೆ ಮೇಡಂ, ಆದ್ರೆ ಕೊಡೋಕಾಗಲ್ಲ” ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ನಿಮ್ಮ ಕೌಂಟರಿನ ಮುಂದೆಯೇ ಇರಬೇಕು.

ನಿಮ್ಮವರೊಬ್ಬರು ನನ್ನ ಹಿಂದೆಯೇ ಹೊರಗೆ ಬಂದು, “ನಿಮಗಾದ್ರೆ ಆ ಒಂದ್ ಶೀಟ್ ವಾಟ್ಸಾಪ್ ಮಾಡ್ತೀನಿ, ಯಾರಿಗೂ ಹೇಳ್ಬೇಡಿ” ಎಂದರು. ಹೆಸರು ಹೇಳುವುದಿಲ್ಲ, ನಿಮ್ಮ ಕಚೇರಿಯಲ್ಲಿ ಉಳಿದಿರುವ ಮನುಷ್ಯರು ಅವರೊಬ್ಬರೇ. ಆಸೆಯಾಯಿತು, ಸುಳ್ಳೇಕೆ? ಆದರೆ ಯಾರಿಗೂ ಹೇಳಬಾರದ ಅಂಕಿ ಹಿಡಿದು ಎಂಜಿನಿಯರ್ ಮುಂದೆ ಏನೆಂದು ನಿಲ್ಲಲಿ? ಅಮೃತಹಳ್ಳಿಯಲ್ಲೂ ಅಂಗನವಾಡಿಯಿದೆ, ಅಲ್ಲೂ ಬೋರ್‌ವೆಲ್ ನೀರೇ. ಅಲ್ಲಿನ ಟೀಚರಿಗೆ ನಿಮ್ಮ ಕಚೇರಿಯಲ್ಲಿ ಯಾರ ಪರಿಚಯವೂ ಇಲ್ಲ. ಅವರೇನು ಮಾಡಬೇಕು?

ನಿನ್ನೆ ರತ್ನಕ್ಕ ಫೋನ್ ಮಾಡಿದಾಗ, ಬೇಸಿಗೆಯಲ್ಲಿ ಆ ನೀರು ಮಾತ್ರ ಬೇಡ ಎಂದೆ. “ಅಂಗಾದ್ರೆ ಇನ್ಯಾವ್ ನೀರ್ ಕೊಡ್ಲಿ ಮೇಡಂ? ಇರೋದೇ ಇದೊಂದು” ಎಂದರು.  ಬೇರೆ ನೀರು ಕೊಡಿಸಬಲ್ಲ ರೆಕಾರ್ಡ್ ನಿಮ್ಮ ಬಳಿ ಇದೆ, ಅದರ ಮೇಲೆ ನೀವು ಕೂತಿದ್ದೀರಿ.

ಎಲ್ಲ ಬೋರ್‌ವೆಲ್‌ಗಳ ಮೂಲ ಪಟ್ಟಿಯನ್ನು, ಯಾರು ಬೇಕಾದರೂ ನಕಲು ಮಾಡಿ ಹಂಚುವಂತೆ, ಷರತ್ತಿಲ್ಲದೆ, ಬೇಸಿಗೆಗೆ ಮುಂಚೆ ಬಿಡುಗಡೆ ಮಾಡಿ. ನಿಮ್ಮ ಕೃಪೆ ನನಗೆ ಬೇಡ. ಆಗುವುದಿಲ್ಲವೇ? ಹಾಗಾದರೆ ಬರುವ ಏಪ್ರಿಲ್‌ನಲ್ಲಿ ಆ ನೀರನ್ನು ಮಕ್ಕಳಿಗೆ ಕುಡಿಸಬಹುದು ಎಂದು ನಿಮ್ಮ ಕೈಯಾರೆ ಬರೆದು, ಸಹಿ ಹಾಕಿ, ರತ್ನಕ್ಕನಿಗೆ ಕೊಡಿ.

ಇಂತಿ,
ತಾನು ಬರೆದ ಅಂಕಿಗಳನ್ನು ತಾನೇ ಕದಿಯಲು ಒಪ್ಪದ
ಗಜಾಲಾ
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಆರ್.ಟಿ. ನಗರ