ಘಾಟಿನ ತಿರುವಿನಲ್ಲಿ ಬೆಲ್

ಗೊಲ್ಲಾಳಪ್ಪ,

ಸನತ್‌ನಗರದ ಕಾರ್ಖಾನೆಗೆ ರಜೆ ಹಾಕಿ, ನೀನು ಹೋದ ಮೇಲೆ ಮೊದಲ ಸಲ ಶ್ರೀಶೈಲದ ದಾರಿಯಲ್ಲಿ ಸೈಕಲ್ ಹೊಡೆದೆ. ಹುಲಿ ಕಾಡು ದಾಟಿ ಕೃಷ್ಣೆಯ ಕಣಿವೆಗೆ ಇಳಿಯುವಾಗ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತಿತ್ತು. ಒಮ್ಮೆಲೇ ಮುಸುವಗಳು ಕಿರುಚಿದವು, ಪಕ್ಕದ ಬಿದಿರು ಅಲುಗಿತು. ಸೈಕಲ್‌ನಿಂದ ಇಳಿದುಬಿಟ್ಟೆ. ಏನೂ ತೋಚದೆ ನಮ್ಮ ರೂಢಿಯಂತೆ ಎರಡು ಸಲ ಬೆಲ್ ಬಾರಿಸಿದೆ. ಪ್ರತಿ ತಿರುವಿನಲ್ಲೂ ಮುಂದಿನವನು ಎರಡು ಸಲ ಬಾರಿಸಿದರೆ, ಹಿಂದಿನವನು ಒಂದು ಸಲ ಬಾರಿಸಿ ಉತ್ತರ ಕೊಡಬೇಕು. "ನನ್ನ ಬೆಲ್ ಕೇಳಲಿಲ್ಲಂದ್ರ ಅಲ್ಲೇ ನಿಂದ್ರಲೇ," ಅಂತ ನೀನು ಪ್ರತಿ ಸಲ ಹೇಳುತ್ತಿದ್ದೆ.

ಬೆಲ್ ಕೇಳಿ ಅರಣ್ಯದ ಗಾರ್ಡ್ ಬೈಕಿನಲ್ಲಿ ಬಂದ. "ಅಕೇಲೇ ಆಯೇ ಕ್ಯಾ?" ಒಬ್ಬನೇ ಬಂದೆಯಾ ಎಂದು ಗದರಿದ. ಹೆದರಿಕೆಯಲ್ಲಿ, ದೋಸ್ತ ಹಿಂದೆ ಬರುತ್ತಿದ್ದಾನೆ ಎಂದುಬಿಟ್ಟೆ.

ನೀನು ಇದೇ ಘಾಟಿನಲ್ಲಿ ಬಿದ್ದು ತೀರಿಹೋದ ದಿನ ಮೂರು ತಿರುವು ನಿನ್ನ ಬೆಲ್ ಕೇಳಿರಲಿಲ್ಲ. ಆದರೂ ಸೇತುವೆಯ ತನಕ ಇಳಿದು, ಚಹಾದಂಗಡಿಯವನಿಗೆ ಇದೇ ಮಾತು ಹೇಳಿ, ಎರಡು ಚಹಾ ಮಾಡಿಸಿದ್ದೆ.

ಗಾರ್ಡ್ ನನ್ನನ್ನು ಮುಂದೆ ಕಳಿಸಿ, ಬೈಕು ನಿಲ್ಲಿಸಿ, ನಾನು ಬಂದ ದಾರಿಯನ್ನೇ ನೋಡುತ್ತ ನಿಂತ. ಕೆಳಗಿನ ತಿರುವಿನಿಂದ ತಲೆ ಎತ್ತಿ ನೋಡಿದೆ. ಅವನು ಇನ್ನೂ ನಿನ್ನನ್ನು ಕಾಯುತ್ತಿದ್ದ.