ಜೀವಂತ ಸರಕು, ಮುದಿ, ಹಾಲಿಗಲ್ಲ

ಸರಾಗ ಶಕೆಯ ಇನ್ನೂರ ತೊಂಬತ್ತನೆಯ ವರ್ಷ, ಮೂರನೆಯ ಆಷಾಢ, ಕಡಲು ಇಳಿಯುವ ಹೊತ್ತು.
ದಿಬ್ಬನಾಡಿನ ಬಂದರು, ಜೀವಂತ ಸರಕಿನ ಶೆಡ್ಡು.

ದೇಶದೇಶಗಳ ಗಡಿಬಾಗಿಲಿಗೆ ಅಂಕ ಕೊಡಲು ಶುರುಮಾಡಿದ ಹಿರಿಯರಿಗೆ, ಗಂಗೊಳ್ಳಿಯ ಮೂಕಾಂಬು ಮಾಡುವ ನಮಸ್ಕಾರ.

ಮೇಲಿನ ತಾರೀಕು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಹುಡುಕಿ ಕಣ್ಣು ಕೆಡಿಸಿಕೊಳ್ಳಬೇಡಿ. ನಮ್ಮ ಕಾಲದ ಮಳೆ ಹೊರಟು ನಿಂತ ನೆಂಟರ ಹಾಗೆ ಹೊಸ್ತಿಲ ತನಕ ಹೋಗಿ ಮತ್ತೆ ಬಂದು ಕೂರುತ್ತದೆ, ಹಾಗಾಗಿ ಆಷಾಢಕ್ಕೆ ಮೂರು ಸರದಿ. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ಅವುಗಳಲ್ಲಿ ಅರ್ಧ ಕಚೇರಿಯವರು ಹುಟ್ಟಿಸಿದ್ದು, ಉಳಿದರ್ಧ ಕಚೇರಿಯವರನ್ನು ಆಡಿಕೊಳ್ಳಲು ನಾವು ಹೆಂಗಸರು ಹುಟ್ಟಿಸಿದ್ದು. ಊರ ಶಾಲೆಯಲ್ಲಿ ನಾನು ಕೂತದ್ದು ಅಕ್ಷರ ಕೂಡಿಸಲು ಬರುವ ತನಕ ಮಾತ್ರ. ಆಮೇಲೆ ಮೀನಿನ ಬುಟ್ಟಿ ತಲೆಗೇರಿತು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಅಷ್ಟು ಕಲಿತವರು, ಅಷ್ಟಾದರೂ ಮಾಡಿ.

ಇದು ಹಿಂದೋಲೆ. ಹಿಂದಿನ ಕಾಲಕ್ಕೆ ಹೋಗುವ ಓಲೆ ಎಂದು ಅರ್ಥ. ನಮ್ಮಲ್ಲಿ ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆ ಸಿಗುತ್ತದೆ. ಆದರೆ ಅದು ಬರೆದವರ ನೆನಪಿಗೆ ಎಟುಕುವ ಕಾಲದಲ್ಲಿ ಬೀಳುವುದಿಲ್ಲ; ಅಮ್ಮ, ಅಜ್ಜಿ, ಅಜ್ಜಿಯ ಅಜ್ಜಿ ಎಲ್ಲರನ್ನೂ ದಾಟಿಹೋಗಿ ಮುಖ ಕಾಣದವರ ಕೈಗೆ ಬೀಳುತ್ತದೆ. ಹಾಗಿಲ್ಲದಿದ್ದರೆ ನಿಮಗೆ ಯಾಕೆ ಬರೆಯುತ್ತಿದ್ದೆ? ನನ್ನ ಕಿರಿಮಗಳು ವಾರಿಜಳಿಗೆ ಬರೆಯುತ್ತಿದ್ದೆ. ಬಸುರಿಯಾಗುವ ಮೊದಲೇ ಹೊರಟು ಬಾ ಹೆಣ್ಣೇ ಎಂದು ಬರೆಯುತ್ತಿದ್ದೆ. ಅವಳಿಗೆ ಮುಟ್ಟದ್ದಕ್ಕೆ ನಿಮಗೆ.

ನಿಮ್ಮ ಕಾಲದ ಸುದ್ದಿ ನಮಗೆ ಅಷ್ಟಿಷ್ಟು ಗೊತ್ತು. ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವಂತೆ, ಈರುಳ್ಳಿ ಚೀಲದೊಳಗೇ ಮೊಳೆಯುತ್ತಿತ್ತಂತೆ, ಒಂದು ಮೊಹರಿಗೆ ಇನ್ನೊಂದು ಮೊಹರು, ಅದಕ್ಕೊಬ್ಬ ಸಾಹೇಬ, ಅವನಿಗೊಂದು ಚಹಾ. ಆಗ ನೀವು ಕೂತು ಯೋಚಿಸಿ ಪ್ರಶ್ನೆಗಳನ್ನು ಮಾಡಿದಿರಿ. ಸರಕು ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಖರ್ಚಾಗುತ್ತದೆ, ಎಷ್ಟು ಕಾಗದ ಕೇಳುತ್ತಾರೆ? ಉತ್ತರ ನೋಡಿ ದೇಶಗಳಿಗೆ ಅಂಕ ಕೊಟ್ಟಿರಿ. ಒಳ್ಳೆಯ ಕೆಲಸ, ನಾನು ಇಲ್ಲವೆನ್ನುವುದಿಲ್ಲ. ಆ ಅಂಕವನ್ನು ಈಗ ನಾವು ಸರಾಗಾಂಕ ಎನ್ನುತ್ತೇವೆ. ನಮ್ಮ ಶಕೆ ಎಣಿಸುವುದೂ ಅದರಿಂದಲೇ. ಅಂಕ ಏರಿದ ವರ್ಷ ಊರೂರಿಗೆ ಸಿಹಿ ಹಂಚುತ್ತಾರೆ, ಇಳಿದ ವರ್ಷ ಮಂತ್ರಿಗಳು ಮುಖ ತೋರಿಸುವುದಿಲ್ಲ.

ಸರಾಗವೆಂದರೆ ನಿಜಕ್ಕೂ ಸರಾಗ. ಎಣ್ಣೆ ಹಡಗುಗಳ ಕಾಲ ಮುಗಿದು ಕಡಲಿಗೆ ಹಾಯಿ ಮರಳಿದೆ. ಗಾಳಿ ಎಷ್ಟು ತಡಮಾಡಿದರೂ ಬಾಗಿಲು ತಡಮಾಡುವುದಿಲ್ಲ. ದಿಬ್ಬನಾಡಿನ ಉಪ್ಪು ನಮ್ಮ ಅಡುಗೆಮನೆಯಲ್ಲಿ, ನಮ್ಮ ಕುಚ್ಚಲಕ್ಕಿ ಅವರ ಗಡಿಗೆಯಲ್ಲಿ. ಮುಳುಗಿದ ಊರುಗಳ ಜನ ಮರಳು ಪೇರಿಸಿ ಕಟ್ಟಿಕೊಂಡ ದ್ವೀಪಗಳ ದೇಶಕ್ಕೆ ದಿಬ್ಬನಾಡು ಎನ್ನುತ್ತಾರೆ. ಅಲ್ಲಿ ನಮ್ಮ ಕರಾವಳಿಯವರೇ ಬಹಳ. ಬಾಗಿಲಲ್ಲಿ ಈಗ ಸಾಹೇಬರಿಲ್ಲ, ಬಾಯಿಲ್ಲದ ಗುಮಾಸ್ತನಿದ್ದಾನೆ. ಅದೊಂದು ಯಂತ್ರ. ತೂಕ ನೋಡುತ್ತದೆ, ಮೈಯ ಬಿಸಿ ನೋಡುತ್ತದೆ, ಕಟ್ಟಿದ ಚೀಟಿ ಓದುತ್ತದೆ, ಬಿಡುತ್ತದೆ. ಲಂಚ ಕೊಡೋಣವೆಂದರೆ ಅದಕ್ಕೆ ಕಿಸೆ ಇಲ್ಲ.

ಮೊದಲು ಇದರ ಪಕ್ಕದಲ್ಲೇ ಜನರ ಬಾಗಿಲೂ ಇತ್ತಂತೆ. ಒಂದು ಜ್ವರದ ಕಾಲದಲ್ಲಿ ಅದನ್ನು ಮುಚ್ಚಿದರು. ಜ್ವರ ಹೋಯಿತು, ಬೀಗ ಹೋಗಲಿಲ್ಲ. ಹಟದಿಂದ ಮುಚ್ಚಿಟ್ಟದ್ದಲ್ಲ, ಅದೇ ಸಂಕಟ. ಹಟವಾಗಿದ್ದರೆ ಎದುರು ನಿಂತು ಬೈದು ತೆರೆಸಬಹುದಿತ್ತು. ಜನರ ಬಾಗಿಲಿಗೆ ಅಂಕ ಇರಲಿಲ್ಲ, ಅಷ್ಟೇ. ಅಂಕ ಇದ್ದ ಕಡೆಗೆ ಆಳುಗಳು ಹೋದರು, ದುಡ್ಡು ಹೋಯಿತು, ದೀಪವೂ ಹೋಯಿತು. ಈಗ ಅಲ್ಲಿ ಅರ್ಜಿ ಹಾಕಿದವರು ಕಾಯುತ್ತಾರೆ, ಅವರ ಮಕ್ಕಳು ಕಾಯುತ್ತಾರೆ. ಮೋಸಂಬಿ ಹಣ್ಣು ಅಮ್ಮನಿಗಿಂತ ಮೊದಲು ಮಗಳ ಮನೆ ಸೇರುತ್ತದೆ.

ಹಾಗಂತ ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಮಗಳು ಹೆರುವಾಗ ಬಾಣಂತನಕ್ಕೆ ಹೋಗದ ಅಮ್ಮ ಎಂಥ ಅಮ್ಮ? ಸರಕಿನಲ್ಲಿ ಆಡು, ಕೋಳಿ, ಹಸುಗಳಿಗೆಂದು ಜೀವಂತ ಸರಕು ಎಂಬ ವರ್ಗವಿದೆ. ಗುಮಾಸ್ತ ತೂಕ ಮತ್ತು ಬಿಸಿ ನೋಡುತ್ತಾನೆಯೇ ಹೊರತು ಕಾಲೆಷ್ಟು ಎಂದು ಎಣಿಸುವುದಿಲ್ಲ. ಇದನ್ನು ಕಂಡುಹಿಡಿದ ಪುಣ್ಯಾತಗಿತ್ತಿ ಯಾರೋ, ನಮ್ಮ ಬಂದರಿನ ಅಮ್ಮಂದಿರೆಲ್ಲ ಈಗ ಹಾಗೆಯೇ ದಾಟುತ್ತಾರೆ: ಸೊಂಟಕ್ಕೆ ಬಾಣಂತಿ ಮದ್ದಿನ ಗಂಟು, ಕುತ್ತಿಗೆಗೆ ಚೀಟಿ. ಬಂದರಿನವರಿಗೂ ಗೊತ್ತು, ಅವರೂ ತಾಯಂದಿರ ಮಕ್ಕಳೇ. ಬಸುರಿಯರಿಗೆ ಮಾತ್ರ ಆ ದಾರಿ ಇಲ್ಲ. ಗಬ್ಬದ ಜೀವವನ್ನು ಈಯುವ ತನಕ ಬೇರೆ ಕಟ್ಟಿ ನೋಡಬೇಕು ಎಂಬ ಕಟ್ಟಳೆ ಇದೆ. ಅದಕ್ಕೇ ದಿಬ್ಬನಾಡಿಗೆ ಮದುವೆಯಾಗಿ ಹೋದ ನನ್ನ ವಾರಿಜಳಿಗೆ ಚೊಚ್ಚಲ ಹೆರಿಗೆಗೆ ತವರಿಗೆ ಬರಲಾಗಲಿಲ್ಲ. ತವರೇ ಅವಳಲ್ಲಿಗೆ ಹೊರಟಿತು.

ನನ್ನ ಚೀಟಿ ಬರೆದವಳು ಪಕ್ಕದ ಮನೆಯ ಗುಲಾಬಿ. ಜೀವಂತ ಸರಕು, ಮುದಿ, ಹಾಲಿಗಲ್ಲ ಎಂದು ಬರೆದು, "ಕೊಯ್ಯೂಕೂ ಅಲ್ಲ ಅಂದೇಳಿ ಬರಿಯದಾ ಅಕ್ಕಾ? ಅಲ್ಲಿಯವ್ರ್ ಹಸಿದಿದ್ರೆ ಕಷ್ಟ" ಎಂದು ನಕ್ಕಳು. "ನನ್ನ್ ಕೊಯ್ದ್ರೆ ಕತ್ತಿಗೇ ಕೇಡು, ನೀ ಬರಿ ಹೆಣ್ಣೇ" ಎಂದೆ. ಪಡೆಯುವವರ ಹೆಸರಿನ ಜಾಗದಲ್ಲಿ ವಾರಿಜಳ ಹೆಸರು. ಸರಕು ಇಳಿದ ಮೇಲೆ ಪಡೆಯುವವರು ಬಂದು ಗುಮಾಸ್ತನ ಹಲಗೆಯ ಮೇಲೆ ಅಂಗೈ ಒತ್ತಬೇಕು, ಆಗ ಶೆಡ್ಡಿನ ಬಾಗಿಲು ತೆರೆಯುತ್ತದೆ. ಎಲ್ಲ ಅಮ್ಮಂದಿರೂ ಹೀಗೆಯೇ ಮಗಳ ಹೆಸರು ಬರೆಸುತ್ತಾರೆ. ತುಂಬು ಬಸುರಿ ಹೊಟ್ಟೆ ಹೊತ್ತು ಬಂದು ಅಂಗೈ ಒತ್ತುವುದು, ಅಮ್ಮ ಆಡುಗಳ ನಡುವಿನಿಂದ ಸೀರೆ ಕೊಡವಿಕೊಂಡು ಹೊರಗೆ ಬರುವುದು, ಇಬ್ಬರೂ ನಗುವುದು. ಅದೊಂದು ಶಾಸ್ತ್ರದ ಹಾಗೆಯೇ ಆಗಿಹೋಗಿದೆ. ಅಳಿಯನ ಹೆಸರಿಗೆ ತನ್ನನ್ನು ಬರೆಸಿಕೊಳ್ಳುವ ಅತ್ತೆ ನಮ್ಮ ಊರಿನಲ್ಲಿ ಹುಟ್ಟಿಲ್ಲ.

ಅವಳಿಗೆ ಎಂಟು ತಿಂಗಳು ತುಂಬುವಾಗ ಹೊರಟೆ. ಹೆರಿಗೆಗೆ ಬೇಕಾದಷ್ಟು ದಿನವಿತ್ತು. ಹಡಗಿನ ತಳದಲ್ಲಿ ಆಡುಗಳ ಜೊತೆ ಕೂತು, ಅವಳಿಗೆ ಮೆಣಸಿನ ಕಷಾಯ ಸೇರುವುದಿಲ್ಲ, ಬೆಲ್ಲ ಹೆಚ್ಚು ಹಾಕಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಕಡಲ ನಡುವೆ ಗಾಳಿ ಬಿದ್ದುಹೋಯಿತು. ಆ ಹೊತ್ತಿಗೇ ಅತ್ತ ಅವಳಿಗೆ ದಿನ ತುಂಬದೆ ನೋವು ಬಂತು. ಕೂಸು ಉಳಿಯಿತು, ಅವಳು ಉಳಿಯಲಿಲ್ಲ; ನಾನು ಬಂದಿಳಿಯುವ ಹಿಂದಿನ ರಾತ್ರಿ ಹೋದಳು. ನನಗೆ ಅದು ಗೊತ್ತಿರಲಿಲ್ಲ. ದಿಬ್ಬನಾಡಿನ ಬಾಗಿಲಿಗೆ ಬಂದಾಗ ಗುಮಾಸ್ತ ನನ್ನನ್ನು ನೋಡಿದ, ಬಿಟ್ಟ. ಶೆಡ್ಡಿನ ಬೇಲಿಯ ಆಚೆ ಅಳಿಯ ಶೀನ ನಿಂತಿದ್ದ. ಬಡಪಾಯಿ, ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ವಾರಿಜ ಎಲ್ಲಿ ಎಂದು ಕೇಳಿದೆ. ಅವನು ಬೇಲಿಯ ಸರಳು ಹಿಡಿದುಕೊಂಡು, "ಅತ್ತೇ, ನಿಮ್ಮನ್ನ್ ಬಿಡ್ಸ್ಕಂಬುಕೆ ಅವ್ಳ್ ಬಪ್ಪುದಿಲ್ಲೆ" ಎಂದ.

ಸುಡುವ ಮೊದಲು ಅವಳನ್ನು ಬೇಲಿಯ ಹತ್ತಿರ ತಂದರು. ಸರಳಿನ ಸಂದಿಯಲ್ಲಿ ಕೈ ಮೊಣಕೈ ತನಕ ಹೋಗುತ್ತದೆ, ಮುಂದೆ ಹೋಗುವುದಿಲ್ಲ. ಅವಳ ಹಣೆ ಅದಕ್ಕಿಂತ ಆಚೆ ಇತ್ತು. ಇನ್ನಷ್ಟು ಹತ್ತಿರ ತರಲು ಹೊತ್ತವರು ನೋಡಿದರು, ಚರಂಡಿ ಅಡ್ಡ ಇತ್ತು. ಯಾರೋ ತಲೆಗೆ ನೀರು ಹೊಯ್ದು ಹೆರಳು ಹಾಕಿದ್ದರು, ಬೈತಲೆ ಓರೆಯಾಗಿತ್ತು. ಅದನ್ನು ಸರಿಮಾಡಿ ಎಂದು ಕೂಗಿ ಹೇಳಿದೆ. ಸರಿಮಾಡಿದರು. ಅಷ್ಟೇ ನಾನು ನನ್ನ ಮಗಳಿಗೆ ಮಾಡಿದ್ದು.

ಶೆಡ್ಡಿನ ಕಾವಲುಗಾರ ದಾಸ ಖಾರ್ವಿ ಒಳ್ಳೆಯವನು. ಅವನ ಮುತ್ತಜ್ಜನೂ ನಮ್ಮ ಕಡೆಯವನೇ. ಆಡುಗಳಿಗೆ ಸೊಪ್ಪು ಹಾಕಿ ನನಗೆ ಮನೆಯ ಗಂಜಿ ತರುತ್ತಾನೆ. ಬಾಗಿಲು ತೆರೆಯಲು ಅವನ ಕೈಯಲ್ಲಿ ಆಗುವುದಿಲ್ಲ, ಅದು ಗುಮಾಸ್ತನ ಮಾತು ಮಾತ್ರ ಕೇಳುತ್ತದೆ. ಇಲ್ಲಿಯ ಕಾನೂನು ವಿಚಾರಿಸಿಕೊಂಡು ಬಂದವನೂ ಅವನೇ. ಸತ್ತ ಹೆಂಗಸಿನ ಹೆಸರಿನ ಸರಕು ಗಂಡನಿಗೆ ಸೇರುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿದವರಿಗೆ ಸೇರುತ್ತದೆಯಂತೆ. "ಹಾಂಗಾರೆ ಅಜ್ಜಿ, ನೀವೀಗ ಆ ಹಸಿಕೂಸಿನ ಸೊತ್ತು" ಎಂದು ತಲೆ ತಗ್ಗಿಸಿ ಹೇಳಿದ. ಕೇಳಿ ನಗುವೂ ಬಂತು, ಎದೆಯೂ ಒಡೆಯಿತು. ಕೂಸಿನ ಅಂಗೈಯ ಗೆರೆ ಗುಮಾಸ್ತನ ಕಣ್ಣಿಗೆ ಹತ್ತುವುದಿಲ್ಲ; ಮಗು ಶಾಲೆಗೆ ಹೋಗುವ ಪ್ರಾಯಕ್ಕೆ ಹತ್ತುತ್ತದಂತೆ. ಅಲ್ಲಿಯ ತನಕ ಇಲ್ಲಿರಬೇಕು, ಇಲ್ಲವಾದರೆ ವಾಪಸು ಎಂದು ಬರೆಸಿಕೊಂಡು ಊರಿಗೆ ಹೋಗಬೇಕು. ವಾಪಸು ಹೋದ ಸರಕನ್ನು ಗುಮಾಸ್ತ ಮತ್ತೆ ಒಳಗೆ ಬಿಡುವುದಿಲ್ಲ. ನಾನು ಹೋಗುವುದಿಲ್ಲ ಎಂದೆ.

ಮೊನ್ನೆ ಸರಾಗಾಂಕದ ಅಳತೆಯವರು ಬಂದರು. ಒಬ್ಬಳು ಚುರುಕು ಹುಡುಗಿ, ಕೈಯಲ್ಲಿ ಪ್ರಶ್ನೆಯ ಹಲಗೆ. ಆಡುಗಳನ್ನು ಬಿಟ್ಟು ನನ್ನನ್ನೇ ಕೇಳಿದಳು, ಉತ್ತರ ಕೊಡುವ ಸರಕು ಅಪರೂಪ ನೋಡಿ.

"ಬಾಗಿಲಲ್ಲಿ ನಿಮ್ಮನ್ನ ಎಷ್ಟು ಹೊತ್ತು ನಿಲ್ಲಿಸಿದ್ರು ಅಜ್ಜಿ?"

"ನಿಲ್ಸೂದ್ ಎಂತ ಬಂತ್? ಎಂಜ್ಲ್ ನುಂಗೂದ್ರೊಳ್ಗೆ ಈಚಿಗಿದ್ದೆ."

"ಖರ್ಚು?"

"ಆಡಿಗೆಷ್ಟೋ ನಂಗೂ ಅಷ್ಟೇ."

"ಕಾಗದ ಎಷ್ಟು ಕೇಳಿದ್ರು?"

"ಇದೊಂದೇ ಚೀಟಿ. ಓದ್ ಕಾಂಬ, ಕಲ್ತವ್ಳ್ ನೀನ್."

ಓದಿ ಅವಳ ಮುಖ ಸಣ್ಣದಾಯಿತು. ಆದರೂ ಕೆಲಸ ಕೆಲಸವೇ. "ಹಾಗಾದ್ರೆ ನಿಮ್ಮದು ಪೂರ್ತಿ ಅಂಕ ಅಜ್ಜಿ" ಎಂದಳು.

"ಮತ್ತೆ ನಾನಿಲ್ಲಿ ಕೂತದ್ದ್? ಮಗಳ ತಲಿಗೊಂದ್ ಚೊಂಬ್ ನೀರ್ ಹೊಯ್ಯೂಕಾಯ್ಲಿಲ್ಲೆ ನಂಗೆ. ಅದಕ್ಕೆಷ್ಟ್ ಅಂಕ ಮಾರಾಯ್ತಿ?"

ಅವಳು ಹಲಗೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ನಿಜವಾಗಿಯೂ ಹುಡುಕಿದಳು, ಸುಳ್ಳು ಹೇಳಬಾರದು. ಆಮೇಲೆ ಮೆಲ್ಲಗೆ, ಅದು ಪ್ರಶ್ನೆಯಲ್ಲಿ ಇಲ್ಲ ಎಂದಳು. ಸೇರಿಸಿಕೋ ಎಂದೆ. ಸೇರಿಸುವ ಹಾಗಿಲ್ಲವಂತೆ. ದೇಶದೇಶಗಳನ್ನು ಹೋಲಿಸಬೇಕಾದರೆ ಎಲ್ಲರನ್ನೂ ಎಲ್ಲ ಕಾಲಕ್ಕೂ ಅದೇ ಪ್ರಶ್ನೆ ಕೇಳಬೇಕಂತೆ. ಮೊದಲು ಮಾಡಿದವರು ಮಾಡಿಟ್ಟದ್ದು, ನಡುವೆ ಬಂದವರು ಮುಟ್ಟಿದರೆ ಹಿಂದಿನ ಅಂಕವೆಲ್ಲ ಹಾಳು. ಹೋಗುವಾಗ ತನ್ನ ಶಾಲು ಬೇಲಿಯಲ್ಲಿ ತೂರಿಸಿ ಕೊಟ್ಟಳು. ನನ್ನ ಮಗಳ ಪ್ರಾಯದವಳು. ಅವಳನ್ನು ಬೈದು ಏನು ಬಂತು?

ಮೊದಲು ಮಾಡಿದವರು ಎಂದರೆ ನೀವು. ಅದಕ್ಕೇ ದಾಸನ ಹತ್ತಿರ ನನ್ನ ಹಿಂದೋಲೆ ತರಿಸಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆಗಳಲ್ಲಿ ಒಂದನ್ನೂ ತೆಗೆಯಬೇಡಿ. ಕೊನೆಗೆ ಇದೊಂದನ್ನು ಸೇರಿಸಿ: ಮಗಳಿಗೆ ನೋವು ಬಂದಿದೆ ಎಂದು ಕೇಳಿದ ಅಮ್ಮನಿಗೆ ಈ ಬಾಗಿಲು ದಾಟಿ ಅವಳ ಮಂಚದ ಪಕ್ಕ ಕೂರಲು ಎಷ್ಟು ಹೊತ್ತು ಬೇಕು? ಅದಕ್ಕೂ ಅಂಕ ಇಡಿ. ದೊಡ್ಡ ಅಂಕ ಬೇಡ, ಈರುಳ್ಳಿ ಚೀಲಕ್ಕೆ ಇಟ್ಟಷ್ಟು ಇಡಿ ಸಾಕು. ಅಂಕ ಇದ್ದ ಕಡೆಗೆ ದೀಪ ಬರುತ್ತದೆ, ಆಳು ಬರುತ್ತಾರೆ, ಬೀಗ ಎಣ್ಣೆ ಕಾಣುತ್ತದೆ. ನಾಚಿಕೆಗಾದರೂ ಯಾರೋ ಒಬ್ಬ ಮಂತ್ರಿ ಬಾಗಿಲು ತೆರೆಸಿಯಾನು. ನಮ್ಮ ಕಾಲದ ಜನ ಕೆಟ್ಟವರಲ್ಲ. ಕೇಳದ ಪ್ರಶ್ನೆಗೆ ಉತ್ತರ ಹುಡುಕುವ ಅಭ್ಯಾಸ ತಪ್ಪಿಹೋದವರು.

ನೀವು ಸೇರಿಸಿದರೆ ನನ್ನ ವಾರಿಜ ಹೆರಿಗೆಗೆ ಗಂಗೊಳ್ಳಿಗೆ ಬರುತ್ತಾಳೆ, ಬಂದು ಕಷಾಯಕ್ಕೆ ಮುಖ ಕಿವುಚುತ್ತಾಳೆ. ಆಗಲೂ ಅವಳು ಉಳಿಯುತ್ತಾಳೋ ಇಲ್ಲವೋ, ಅದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಆದರೆ ಬೈತಲೆ ನಾನು ತೆಗೆಯುತ್ತೇನೆ.

ಇನ್ನು ನಿಲ್ಲಿಸಬೇಕು. ಶೀನ ಕೂಸನ್ನು ಎತ್ತಿಕೊಂಡು ದಿಬ್ಬ ಇಳಿದು ಬರುತ್ತಿದ್ದಾನೆ, ಕೂಸಿನ ತಲೆಗೆ ಬಟ್ಟೆ ಕಟ್ಟಿಲ್ಲ, ಬಂದ ಮೇಲೆ ಬೈಯಬೇಕು. ದಿನಾ ಬಂದು ಅದರ ಅಂಗೈಯನ್ನು ಹಲಗೆಯ ಮೇಲೆ ಒತ್ತಿಸುತ್ತಾನೆ. ಇವತ್ತೂ ಬಾಗಿಲು ತೆರೆಯಲಿಕ್ಕಿಲ್ಲ. ಆದರೂ ಅದು ಕೈ ಇಡುವ ಹೊತ್ತಿಗೆ ನಾನು ಎದ್ದು, ಸೀರೆಗೆ ಅಂಟಿದ ಹುಲ್ಲು ಕೊಡವಿ, ಬಾಗಿಲ ಎದುರು ನಿಂತಿರುತ್ತೇನೆ.