ಪುಟ್ಟಮಾದಮ್ಮನ ಕೊರಳಿನ ಎರಡೆಳೆ ಸರ

ಪಡಿತರ ಚೀಟಿ ಪರಿಶೀಲಿಸಿ ಬಡವರು ಯಾರೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನಂಜನಗೂಡಿನ ನಮ್ಮ ಬೀದಿಯ ಹಿಂದಿನ ಗಲ್ಲಿಯ ಪುಟ್ಟಮಾದಮ್ಮನ ಬಿಪಿಎಲ್ ಕಾರ್ಡನ್ನು ತಾವು ಮೂರು ತಿಂಗಳ ಹಿಂದೆ ರದ್ದು ಮಾಡಿದಿರಿ. ಆಕೆಯ ಕೊರಳಲ್ಲಿ ಎರಡೆಳೆ ಚಿನ್ನದ ಸರವಿದೆ, ಆದ್ದರಿಂದ ಆಕೆ ಬಡವಳಲ್ಲ ಎಂಬುದು ತಮ್ಮ ತೀರ್ಮಾನ. ಸಾಕ್ಷಿಗೆಂದು ಪತ್ರಿಕೆಯ ಫೋಟೋವೊಂದನ್ನು ಕತ್ತರಿಸಿ ಕಡತಕ್ಕೆ ಅಂಟಿಸಿದ್ದೀರಿ. ತಮ್ಮ ಕಣ್ಣು ಬಹಳ ಸೂಕ್ಷ್ಮ, ಒಪ್ಪಿದೆ. ಆದರೆ ಆ ಸರ ನನ್ನ ಹೆಂಡತಿಯದು. ಅದನ್ನು ಪುಟ್ಟಮಾದಮ್ಮನ ಕೊರಳಿಗೆ ಹಾಕಿಸಿದ ಮಹಾ ಬುದ್ಧಿವಂತ ನಾನು.

ನಾನು ತಿಮ್ಮಯ್ಯ, ನಿವೃತ್ತ ಮುಖ್ಯೋಪಾಧ್ಯಾಯ. 1997ರಲ್ಲಿ ಬೀದಿಯ ಏಳೆಂಟು ಮನೆಯವರು ಸೇರಿ 'ನೆರೆಮನೆ ನೆರವು ಸಂಘ' ಎಂದು ಕಟ್ಟಿಕೊಂಡೆವು. ತಿಂಗಳ ಮೊದಲ ಭಾನುವಾರ ಎಲ್ಲರೂ ಅಕ್ಕಿ, ಬೇಳೆ, ಹಳೆಯ ಪಠ್ಯಪುಸ್ತಕ, ಉಡಲು ಯೋಗ್ಯವಾದ ಬಟ್ಟೆ ತಂದು ನನ್ನ ಜಗಲಿಯಲ್ಲಿಡುವುದು, ಅದನ್ನು ಹಿಂದಿನ ಗಲ್ಲಿಯ ಹನ್ನೆರಡು ಕೂಲಿ ಕುಟುಂಬಗಳಿಗೆ ಹಂಚುವುದು. ಇಷ್ಟು ಕೆಲಸಕ್ಕೆ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಒಂದು ರಬ್ಬರ್ ಸ್ಟಾಂಪು. ಕಾರ್ಯದರ್ಶಿ ನಾನು. ಸ್ಟಾಂಪು ನನ್ನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅಗಸ ಎರಡು ಸಲ ಬೈದಿದ್ದಾನೆ.

ಹತ್ತು ವರ್ಷ ತುಂಬಿದಾಗ ಸಮಾರಂಭ ಬೇಡವೇ? ಶಾಮಿಯಾನ ಹಾಕಿಸಿದೆವು, ಮೈಸೂರಿನಿಂದ ಫೋಟೋಗ್ರಾಫರನ್ನು ಕರೆಸಿದೆವು. ಪುಟ್ಟಮಾದಮ್ಮನಿಗೆ ಕಂಬಳಿ ಕೊಡುವ ಫೋಟೋ ಪತ್ರಿಕೆಗೆ ಹೋಗಬೇಕಿತ್ತು. ಗಂಡ ಚಿಕ್ಕಮಾದು ತೀರಿಕೊಂಡ ಮೇಲೆ ಹುಲ್ಲಹಳ್ಳಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಗುಡಿಸುವ ಕೆಲಸ ಮಾಡಿ ಮಗಳು ಪವಿತ್ರಳನ್ನು ಓದಿಸುತ್ತಿದ್ದವಳು ಆಕೆ. ಆಕೆಯ ಬರಿಗೊರಳು ನೋಡಿ ನನಗೆ ದಿಗಿಲಾಯಿತು. ಈ ಸಂಘ ಹತ್ತು ವರ್ಷ ಏನು ಕಡಿದು ಕಟ್ಟೆ ಹಾಕಿತು ಎಂದು ಓದುಗರು ಕೇಳಿದರೆ?

'ಬ್ಯಾಡ ಸಾ, ಎಲ್ಲಾದ್ರೂ ಕಳ್ದೋದ್ರೆ ನಾನೆಲ್ಲಿಂದ ತಂದ್ಕೊಡ್ಲಿ?' ಎಂದಳು ಪುಟ್ಟಮಾದಮ್ಮ. 'ಐದು ನಿಮಿಷ ಕಣಮ್ಮ' ಎಂದೆ. ನನ್ನ ಹೆಂಡತಿ ಮಹದೇವಮ್ಮ ಸರ ಬಿಚ್ಚಿಕೊಡುತ್ತಾ, 'ಬಡವ್ರೂ ನಿಮ್ಗೆ ಮದ್ವೆಮನೆಗೆ ಒಂಟವ್ರ ತರ ಕಾಣ್ಬೇಕಾ?' ಎಂದಳು. ನನಗೆ ಕೇಳಿಸಲಿಲ್ಲ. ಬಹಳ ಕಾಲ ಹೆಡ್ಮೇಷ್ಟ್ರಾಗಿದ್ದವರಿಗೆ ಕೇಳಿಸಿಕೊಳ್ಳುವ ಅಭ್ಯಾಸ ತಪ್ಪಿಹೋಗಿರುತ್ತದೆ.

ಫೋಟೋ ಅಚ್ಚಾಯಿತು. ಹತ್ತು ಪ್ರತಿ ಕೊಂಡೆ. ಅದರಲ್ಲೊಂದನ್ನು ತಮ್ಮ ಕಚೇರಿಗೆ ಖುದ್ದಾಗಿ ತಲುಪಿಸಿ, 'ಸಾಹೇಬರು ದಯವಿಟ್ಟು ನೋಡಬೇಕು' ಎಂದು ಕೈಮುಗಿದು ಬಂದವನೂ ನಾನೇ. ತಾವು ನೋಡಿದಿರಿ. ಆದರೆ ಮಾನ್ಯರೇ, ಅದೇ ಫೋಟೋದಲ್ಲಿ ಆಕೆಯ ಬರಿಗಾಲು ತಮಗೆ ಕಾಣಲಿಲ್ಲವೇ? ನನಗೆ ಚಪ್ಪಲಿ ಹೊಳೆದಿರಲಿಲ್ಲ, ಆದ್ದರಿಂದ ಅಲ್ಲಿ ಮಾತ್ರ ಸತ್ಯ ಉಳಿದುಕೊಂಡಿತ್ತು. ಒಬ್ಬ ಗುಮಾಸ್ತರನ್ನು ಆ ಮನೆಯವರೆಗೆ ಕಳುಹಿಸಿದ್ದರೆ ಬಾಗಿಲಿನ ಜಾಗದಲ್ಲಿ ಗೋಣಿತಾಟು ಕಾಣುತ್ತಿತ್ತು. ಹಂಚಿನ ಸಂದಿಯಿಂದ ಸೂರ್ಯನೂ ಕಾಣುತ್ತಿದ್ದ. ಕತ್ತರಿ, ಗೋಂದು ಸಿಕ್ಕಿದ ಕಚೇರಿಯಲ್ಲಿ ಒಂದು ಸೈಕಲ್ ಸಿಗಲಿಲ್ಲವೇ?

ಅರ್ಧ ದಿನದ ಕೂಲಿ ಬಿಟ್ಟು ಬಂದವಳಿಗೆ, ಸರ ಯಾರದೋ ಅವರಿಂದಲೇ ಬರೆಸಿಕೊಂಡು ಬಾ ಎಂದು ತಮ್ಮ ಕಚೇರಿಯವರು ಹೇಳಿದರು. ಆಕೆ ನೇರವಾಗಿ ನನ್ನ ಜಗಲಿಗೆ ಬಂದಳು. 'ಆಗಲಿ, ನಾಳೆ ಬರೆದುಕೊಡುತ್ತೇನೆ' ಎಂದೆ. ಆ ನಾಳೆ ಮೂರು ತಿಂಗಳು ಬರಲಿಲ್ಲ. ಬದಲಿಗೆ ದೊಡ್ಡ ಮನಸ್ಸು ಮಾಡಿ ಸಂಘದಿಂದ ಆಕೆಗೆ ತಿಂಗಳಿಗೆ ಐದು ಕೇಜಿ ಅಕ್ಕಿ ಹೆಚ್ಚಿಗೆ ಕೊಡಿಸಿದೆ. ಆ ಅಕ್ಕಿ ಸಾಲದೆ ಏಳನೇ ಕ್ಲಾಸಿನ ಪವಿತ್ರ ಈಗ ವಾರಕ್ಕೆ ಮೂರು ದಿನ ತಾಯಿಯ ಜೊತೆ ಗಿರಣಿಗೆ ಹೋಗುತ್ತಿದ್ದಾಳೆ.

ಕಳೆದ ಭಾನುವಾರ ಪುಟ್ಟಮಾದಮ್ಮ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಮೂಸಿ ನೋಡಿದಳು. 'ಇದು ಸೊಸೈಟಿ ಅಕ್ಕಿ ಅಲ್ವಾ ಸಾ? ನಮ್ಗೂ ಇದೇ ಬತ್ತಿತ್ತು. ಯಾರೋ ಪುಣ್ಯಾತ್ಮರು ತಾವು ತಿನ್ನೋದ್ನೇ ನಮ್ಗೆ ಕೊಟ್ಟವ್ರೆ. ಅವ್ರ ಮನೆ ತಣ್ಣಗಿರ್ಲಿ' ಎಂದಳು.

ಮಾನ್ಯರೇ, ಆ ಪುಣ್ಯಾತ್ಮ ನಾನು. ಅದು ನನ್ನ ಬಿಪಿಎಲ್ ಕಾರ್ಡಿನ ಅಕ್ಕಿ. ಪಿಂಚಣಿ, ತಾರಸಿ ಮನೆ, ಸ್ಕೂಟರ್ ಎಲ್ಲ ಇರುವ ನನಗೆ ಆ ಕಾರ್ಡೂ ಇದೆ. ಸಮೀಕ್ಷೆಗೆ ಬಂದಿದ್ದ ರಾಜೇಂದ್ರ ನನ್ನ ಹಳೆಯ ಶಿಷ್ಯ. 'ನಿಮ್ದೂ ಸೇರ್ಸಿವ್ನಿ ಸಾ, ಎಲ್ಲಾರೂ ಮಾಡಿಸ್ಕೊಂಡವ್ರೆ' ಎಂದ. ಬೇಡ ಎನ್ನಬೇಕಿತ್ತು, ಅವನಿಗೆ ಇನ್ನೊಂದು ಲೋಟ ಕಾಫಿ ಹೇಳಿದೆ. ಆ ದಪ್ಪಕ್ಕಿ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಅದಕ್ಕೇ ಸಂಘಕ್ಕೆ ಕೊಟ್ಟು ದಾನಿಗಳ ಪಟ್ಟಿಯಲ್ಲಿ ಮೊದಲನೆಯವನಾಗಿದ್ದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಸರದ ವಿಷಯ ಬರೆದುಕೊಟ್ಟರೆ ವಿಚಾರಣೆಗೆಂದು ತಾವು ನನ್ನ ಮನೆಗೆ ಬಂದೀರಿ, ನನ್ನ ಕಾರ್ಡನ್ನೂ ಕೇಳೀರಿ ಎಂದು ಹೆದರಿ ಮೂರು ತಿಂಗಳು ತಳ್ಳಿದೆ. ಆ ಹೆದರಿಕೆಗೆ ಒಂದು ಹುಡುಗಿಯ ಶಾಲೆ ಬಲಿಯಾಯಿತು. ನನಗೆ ನಾಚಿಕೆಯಾಗುತ್ತಿದೆ. ಆಕೆಯ ಹರಕೆ ಕೇಳಿದ ಮೇಲೆ ಊಟ ಸೇರುತ್ತಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಪುಟ್ಟಮಾದಮ್ಮನ ಕಾರ್ಡನ್ನು ಈ ವಾರವೇ, ಆಕೆಯನ್ನು ಮತ್ತೆ ಕಚೇರಿಗೆ ಅಲೆಸದೆ, ಮನೆಗೇ ಹೋಗಿ ಕೊಡಿ. ನನ್ನದನ್ನು ರದ್ದು ಮಾಡಿ, ದಂಡವಿದ್ದರೆ ಹಾಕಿ. ತಮಗೆ ಬಿಡುವಿಲ್ಲವೆಂದರೆ ತಿಳಿಸಿ, ಸ್ಕೂಟರಿನಲ್ಲಿ ಕರೆದೊಯ್ಯಲು ನಾನೇ ಬರುತ್ತೇನೆ.

ಈ ಪತ್ರವನ್ನು ಅದೇ ಪತ್ರಿಕೆಗೂ ಕಳುಹಿಸುತ್ತಿದ್ದೇನೆ. ಅಚ್ಚಾದ ದಿನ ಒಂದು ಪ್ರತಿಯನ್ನು ಆಕೆಯ ಮನೆಗೂ ಕೊಟ್ಟು ಬರುತ್ತೇನೆ. ಪುಟ್ಟಮಾದಮ್ಮನಿಗೆ ಓದಲು ಬಾರದು. ಪವಿತ್ರ ಗಿರಣಿಯಿಂದ ಬಂದು ಕೈಕಾಲು ತೊಳೆದು, ಇದನ್ನು ತಾಯಿಗೆ ಓದಿ ಹೇಳಲಿದ್ದಾಳೆ.

ಇಂತಿ,
ತಮ್ಮ ಕಡತಗಳ ಪ್ರಕಾರ ಕಡುಬಡವ,
ತಿಮ್ಮಯ್ಯ
ಕಾರ್ಯದರ್ಶಿ, ನೆರೆಮನೆ ನೆರವು ಸಂಘ
(ಈ ಪತ್ರ ಅಚ್ಚಾಗುವವರೆಗೆ)